ಕಾಫಿ ಕಣದಲ್ಲಿ ಆಯಿಲ್ ಚೇಂಜ್ ಬೇಡ

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟದೊಳಗೇ ನಮ್ಮ ಮನೆ. ಹಳೆಯ ಡೀಸೆಲ್ ಜೀಪಿನ ಇಂಜಿನ್ ಆಯಿಲನ್ನು ನಾನೇ ಬದಲಿಸುತ್ತೇನೆ. ಎಷ್ಟೇ ಹುಷಾರಾಗಿದ್ದರೂ ಕೈ, ಅಂಗಿ, ನೆಲ ಎಲ್ಲಾ ಕಪ್ಪು. ಫಿಲ್ಟರ್ ಬಿಚ್ಚುವಾಗಲಂತೂ ಕೇಳಲೇಬೇಡಿ. ಅಂಗಳ ಇಳಿಜಾರು, ಸಮತಟ್ಟಾಗಿರುವುದು ಕಾಫಿ ಒಣಗಿಸುವ ಕಣ ಮಾತ್ರ. ಹಾಗಾಗಿ ಅಲ್ಲೇ ಮಾಡುತ್ತೇನೆ. ಚೆಲ್ಲದ ಹಾಗೆ ಮಾಡುವುದು ಹೇಗೆ?

ಉತ್ತರ: ಮೊದಲು ಕಣದ ವಿಷಯ. ಅಲ್ಲಿ ಬೇಡವೇ ಬೇಡ. ಸಿಮೆಂಟು ಆಯಿಲನ್ನು ಒಳಗೆ ಎಳೆದುಕೊಳ್ಳುತ್ತದೆ. ತೊಳೆದಾಗ ಹೋದ ಹಾಗೆ ಕಾಣುತ್ತದೆ, ಬಿಸಿಲು ಏರಿದರೆ ಜಿಡ್ಡು ಮತ್ತೆ ಮೇಲೆ ಬರುತ್ತದೆ. ಕಾಫಿ ಬೀಜವೋ, ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹಿಡಿದುಕೊಳ್ಳುವ ಜಾತಿ. ಚೆರ್ರಿಯಾಗಲಿ (ಇಡೀ ಹಣ್ಣು) ಪಾರ್ಚ್‌ಮೆಂಟ್ ಆಗಲಿ (ಹಣ್ಣಿನ ಸಿಪ್ಪೆ ಸುಲಿದ ಬೀಜ), ಆಯಿಲ್ ಕಲೆಯ ಮೇಲೆ ಒಣಗಿದರೆ ಅದರ ಗುಣ ಕೆಟ್ಟಂತೆಯೇ. ಸರ್ವಿಸ್ ಕಾಸು ಉಳಿಸಲು ಹೋಗಿ ಬೆಳೆ ಕೆಡಿಸಿಕೊಳ್ಳುವುದು ಯಾವ ಲೆಕ್ಕ?

ಜೀಪ್ ಎತ್ತರದ ಗಾಡಿ, ಜ್ಯಾಕ್ ಇಲ್ಲದೆಯೇ ಕೆಳಗೆ ನುಸುಳಬಹುದು. ಶೆಡ್‌ನಲ್ಲಿ, ಇಲ್ಲವೇ ಗೇಟಿನ ಹತ್ತಿರ ಸ್ವಲ್ಪ ಸಮ ಇರುವ ಜಾಗದಲ್ಲಿ ನಿಲ್ಲಿಸಿ. ಗೇರ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ತಗ್ಗಿನ ಕಾರು ಇರುವವರಿಗೂ ಒಂದು ಮಾತು: ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಅದರಲ್ಲೂ ನಮ್ಮ ಇಳಿಜಾರಿನಲ್ಲಿ. ಮಳೆಗಾಲದಲ್ಲಿ ಈ ಕೆಲಸ ಆದಷ್ಟು ಮುಂದಕ್ಕೆ ಹಾಕಿ. ಚೆಲ್ಲಿದ್ದೆಲ್ಲ ನೀರಿನ ಜೊತೆ ತೋಡಿಗೆ ಇಳಿಯುತ್ತದೆ. ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿದವರನ್ನು ಜಿಗಣೆಗಳೂ ಸುಮ್ನೆ ಬಿಡುವುದಿಲ್ಲ.

ಇನ್ನು ಪಾತ್ರೆ. 5 ಲೀಟರಿನ ಹಳೇ ಆಯಿಲ್ ಕ್ಯಾನ್ ಕತ್ತರಿಸಿ ಇಡುವುದು ಎಲ್ಲರ ಅಭ್ಯಾಸ. ಸಣ್ಣ ಪೆಟ್ರೋಲ್ ಕಾರಿಗೆ ಸುಮಾರು 3 ಲೀಟರ್ ಆಯಿಲ್ ಸಾಕು, ಆದರೆ ಡೀಸೆಲ್ ಜೀಪುಗಳಲ್ಲಿ 5–6 ಲೀಟರ್‌ವರೆಗೂ ಇರುತ್ತದೆ. ಕತ್ತರಿಸಿದ ಕ್ಯಾನಿನಲ್ಲಿ ಅಷ್ಟು ಹಿಡಿಯುವುದಿಲ್ಲ. ತುಂಬಿದ ಮೇಲೆ ಅದನ್ನು ಎಳೆಯುವಾಗ ತುಳುಕುತ್ತದೆ, ಅರ್ಧ ಗಲೀಜು ಆಗುವುದೇ ಅಲ್ಲಿ. ಅಗಲವಾದ, 10 ಲೀಟರಾದರೂ ಹಿಡಿಯುವ ಟಬ್ ಇಟ್ಟುಕೊಳ್ಳಿ. ಅದರಡಿ ಟಾರ್ಪಾಲು, ಟಾರ್ಪಾಲಿನ ಮೇಲೆ ಹಳೆಯ ಗೋಣಿಚೀಲ. ಬರೀ ಟಾರ್ಪಾಲಾದರೆ ಬಿದ್ದ ಹನಿ ಹರಿದು ನಿಮ್ಮ ಬೆನ್ನಿನ ಕೆಳಗೇ ಬರುತ್ತದೆ.

ಇಂಜಿನ್ 5 ನಿಮಿಷ ಓಡಿಸಿ ಆಫ್ ಮಾಡಿ, ಒಂದು ಕಾಫಿ ಕುಡಿದು ಬನ್ನಿ. ಆಯಿಲ್ ಬೆಚ್ಚಗಿದ್ದರೆ ಸಾಕು. ಕುದಿಯುವಷ್ಟು ಬಿಸಿ ಇದ್ದರೆ ಕೈ ಸುಡುತ್ತದೆ, ಗಾಬರಿಯಲ್ಲಿ ಡ್ರೈನ್ ಪ್ಲಗ್ (ಆಯಿಲ್ ಇಳಿಸಲು ಬಿಚ್ಚುವ ತಳದ ಬೋಲ್ಟ್) ಕೈಬಿಟ್ಟು ಟಬ್ಬಿಗೆ ಬೀಳಿಸುತ್ತೀರಿ. ತಣ್ಣಗಾದರೆ, ಮಡಿಕೇರಿ ಕಡೆಯ ಚಳಿ ಬೆಳಗಿನಲ್ಲಂತೂ, ಆಯಿಲ್ ಇಳಿಯುವುದೇ ನಿಧಾನ, ಕೊಳೆಯೂ ಪೂರ್ತಿ ಬರುವುದಿಲ್ಲ.

ಡ್ರೈನ್ ಪ್ಲಗ್ ಬಿಚ್ಚುವಾಗ ಜಾಣತನ ಇರುವುದು ಕೊನೆಯ ಎರಡು ಸುತ್ತಿನಲ್ಲಿ. ಸ್ಪ್ಯಾನರಿನಲ್ಲಿ ಸಡಿಲ ಮಾಡಿ ಆಮೇಲೆ ಬೆರಳಿನಲ್ಲೇ ತಿರುಗಿಸಿ. ತಿರುಗಿಸುವಾಗ ಪ್ಲಗ್ಗನ್ನು ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಕಡೆಗೇ ಒತ್ತಿ ಹಿಡಿದಿರಿ. ಥ್ರೆಡ್ ಮುಗಿದದ್ದು ಬೆರಳಿಗೇ ಗೊತ್ತಾಗುತ್ತದೆ, ಆದರೂ ಒತ್ತಿ ಹಿಡಿದಿರುವುದರಿಂದ ಆಯಿಲ್ ಬರುವುದಿಲ್ಲ. ಆಗ ಒಂದೇ ಸಲಕ್ಕೆ ಪಕ್ಕಕ್ಕೆ ಎಳೆದುಬಿಡಿ. ಕೈ ಧಾರೆಯ ಎದುರಿಗೆ ಇರಬಾರದು, ಪಕ್ಕದಿಂದ ಅಡ್ಡಲಾಗಿ ಬರಬೇಕು. ಕೆಳಗಿನಿಂದ ಮೇಲಕ್ಕೆ ಚಾಚಿದರೆ ಆಯಿಲ್ ಮೊಣಕೈವರೆಗೂ ಇಳಿಯುತ್ತದೆ. ಪ್ಲಗ್ ಚೇಂಬರಿನ ಪಕ್ಕಕ್ಕಿದ್ದರೆ ಧಾರೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಬರಬರುತ್ತಾ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ಟಬ್ಬನ್ನು ನೇರ ಕೆಳಗೆ ಇಡದೆ ಸ್ವಲ್ಪ ಮುಂದಿಟ್ಟು, ಆಮೇಲೆ ಹಿಂದಕ್ಕೆ ಸರಿಸಿ. ಮೇಲಿನ ಫಿಲ್ಲರ್ ಕ್ಯಾಪನ್ನು ಪ್ಲಗ್ ಕಳಚಿದ ಮೇಲೆಯೇ ತೆಗೆಯಿರಿ, ಮೊದಲ ರಭಸ ಒಂಚೂರು ಕಮ್ಮಿ ಇರುತ್ತದೆ. ಕೊನೆಯ ಸಣ್ಣ ಎಳೆಯನ್ನು ಗಾಳಿ ಹಾರಿಸುತ್ತದೆ, ಗಾಳಿ ಬರುವ ಕಡೆ ಒಂದು ರಟ್ಟು ನಿಲ್ಲಿಸಿ.

ನಿಮ್ಮ ನಿಜವಾದ ತಲೆನೋವು ಫಿಲ್ಟರ್. ಅಡ್ಡ ಮಲಗಿರುವ ಫಿಲ್ಟರ್ ಆದರೆ ಸಡಿಲವಾದ ಕೂಡಲೇ ಅಂಚಿನಿಂದ ಸುರಿಯುತ್ತದೆ, ಚಾಸಿ ಮೇಲೆ ಹರಿದು ನಾಲ್ಕು ಕಡೆ ತೊಟ್ಟಿಕ್ಕುತ್ತದೆ. ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ನಿಮ್ಮ ತೋಟದಲ್ಲಿ ಅಡಿಕೆ ಮರ ಇರಬೇಕಲ್ವಾ? ಅದರ ಸೋಗೆಯ ಬುಡದ ಅಗಲ ಹಾಳೆ ಒಂದನ್ನು ತಂದು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ನೀರು ಒರೆಸಿ. ಫಿಲ್ಟರಿನ ಬಾಯಿಯ ಕೆಳಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿ ಟಬ್ಬಿನೊಳಗೆ ಬಿಡಿ. ಹಾಳೆಯ ಅಂಚು ತಾನೇ ಒಳಕ್ಕೆ ಮಡಚಿಕೊಳ್ಳುವುದರಿಂದ ಒಳ್ಳೆ ದೋಣಿ ಸಿಕ್ಕಿದ ಹಾಗಾಯಿತು. ಎಕ್ಸಾಸ್ಟ್ ಪೈಪ್ ಬಿಸಿ ಆರಿದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಆಮೇಲೆ ಫಿಲ್ಟರನ್ನು ಅಂಚಿನಲ್ಲಿ ಆಯಿಲ್ ಜಿನುಗುವವರೆಗೆ ಮಾತ್ರ ಸಡಿಲಿಸಿ, ನಿಲ್ಲಿಸಿ. ಜಿನುಗು ನಿಲ್ಲುವವರೆಗೆ ಕಾಯಿರಿ. ಗಡಿಬಿಡಿ ಮಾಡುವವರು ಸೋಲುವುದು ಇಲ್ಲೇ. ನಿಂತ ಮೇಲೆ ಗಟ್ಟಿ ಪ್ಲಾಸ್ಟಿಕ್ ಕವರನ್ನು ಫಿಲ್ಟರಿಗೆ ತೊಡಿಸಿ, ಕವರಿನ ಸಮೇತ ತಿರುಗಿಸಿ ತೆಗೆಯಿರಿ. ಬಿಗಿದು ಕೂತಿದ್ದರೆ ಸ್ಕ್ರೂಡ್ರೈವರ್ ಹೊಡೆದು ತೂತು ಮಾಡಬೇಡಿ, ಬೆಲ್ಟ್ ಇರುವ ಫಿಲ್ಟರ್ ಸ್ಪ್ಯಾನರ್ ತನ್ನಿ.

ಕಳಚಿದ ಫಿಲ್ಟರಿನಲ್ಲಿ ರಬ್ಬರ್ ರಿಂಗ್ ಇದೆಯೇ ನೋಡಿ. ಕೆಲವೊಮ್ಮೆ ಅದು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿ ಸ್ಟಾರ್ಟ್ ಮಾಡಿದರೆ, ಹಾಕಿದ ಹೊಸ ಆಯಿಲ್ ಒತ್ತಡಕ್ಕೆ ನೆಲದ ಪಾಲು. ಹೊಸ ರಿಂಗಿಗೆ ಬೆರಳಿನಲ್ಲಿ ಆಯಿಲ್ ಸವರಿ. ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಮಾನ್ಯವಾಗಿ ಸಾಕು, ಡಬ್ಬಿಯ ಮೇಲೂ ಬರೆದಿರುತ್ತದೆ. ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ. ಸ್ಪ್ಯಾನರ್ ಮೇಲೆ ಕಾಲಿಟ್ಟು ಬಿಗಿ ಮಾಡಬೇಡಿ, ಥ್ರೆಡ್ ಹೋದರೆ ಚೇಂಬರೇ ಬದಲಿಸಬೇಕಾದೀತು.

ಹೊಸ ಆಯಿಲ್ ಹುಯ್ಯುವಾಗ ಕ್ಯಾನಿನ ಬಾಯಿ ಮೇಲಿನ ಅಂಚಿಗೆ ಬರುವಂತೆ ಹಿಡಿಯಿರಿ. ಗಾಳಿ ಒಳಗೆ ಹೋಗಲು ದಾರಿ ಇದ್ದರೆ ಗುಳುಗುಳು ಎಂದು ಎಗರುವುದಿಲ್ಲ. ಅರ್ಧ ಲೀಟರ್ ಉಳಿಸಿಕೊಂಡು ಸ್ಟಾರ್ಟ್ ಮಾಡಿ, ಆಯಿಲ್ ಲೈಟ್ ಆರಿದ ಮೇಲೆ ಕೆಳಗೆ ಬಗ್ಗಿ ಜಿನುಗು ನೋಡಿ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿಕೊಂಡು ಉಳಿದದ್ದು ಹಾಕಿ.

ಇಷ್ಟಾಗಿಯೂ ನೆಲಕ್ಕೆ ಬಿದ್ದರೆ ನೀರು ಹಾಕಬೇಡಿ. ಸಾಮಿಲ್ಲಿನ ಮರದ ಪುಡಿ ಸುರಿದು, ಕಾಲಿನಿಂದ ತಿಕ್ಕಿ, ರಾತ್ರಿಯಿಡೀ ಬಿಟ್ಟು ಗುಡಿಸಿ. ಉಳಿದ ಕಲೆಗೆ ಸೋಪಿನ ಪುಡಿ ಗಟ್ಟಿಯಾಗಿ ಕಲಸಿ ಬ್ರಷ್ ಹಾಕಿ. ಆ ಮರದ ಪುಡಿ, ಬಟ್ಟೆ ಯಾವುದನ್ನೂ ಬಚ್ಚಲೊಲೆಗೆ ಹಾಕಬೇಡಿ, ಹೊಗೆ ವಿಷ.

ಪ್ರಶ್ನೆ: ತೆಗೆದ ಹಳೇ ಆಯಿಲನ್ನು ಗೆದ್ದಲು ಹಿಡಿಯದಂತೆ ಬೇಲಿ ಕಂಬಕ್ಕೆ ಬಳಿಯುತ್ತೇವೆ. ತಪ್ಪೇನು? (ಕೊಡಗಿನ ಸಿದ್ದಾಪುರದ ಓದುಗರು)

ಉತ್ತರ: ಊರೆಲ್ಲ ಮಾಡುತ್ತದೆ, ಗೊತ್ತು. ಆದರೆ ಓಡಿದ ಆಯಿಲಿನಲ್ಲಿ ಸವೆದ ಲೋಹ, ಸುಟ್ಟ ಇಂಧನದ ವಿಷ ಎಲ್ಲ ಇರುತ್ತದೆ. ಮಳೆಗೆ ಅದು ಕಂಬದಿಂದ ಮಣ್ಣಿಗೆ, ಮಣ್ಣಿನಿಂದ ತೋಡಿಗೆ ಇಳಿಯುತ್ತದೆ. ನಿಮ್ಮೂರಿನಲ್ಲಿ ತೋಡು ಹೋಗಿ ಸೇರುವುದು ಕಾವೇರಿಯನ್ನೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಬರುತ್ತದೆ. ಮುಚ್ಚಳ ಬಿಗಿಯಾದ ಕ್ಯಾನಿಗೆ ತುಂಬಿ, ಹಳೇ ಆಯಿಲನ್ನು ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ತಲುಪಿಸಿ. ಪೆಟ್ರೋಲ್, ಕೂಲೆಂಟ್ ಬೆರೆಸಬೇಡಿ. ಬೆರೆಸಿದರೆ ಅದು ಮರುಬಳಕೆಗೆ ಬಾರದು.

ಪ್ರಶ್ನೆ: ಡಿಪ್‌ಸ್ಟಿಕ್ ದಾರಿಯಿಂದ ಆಯಿಲ್ ಹೀರುವ ಪಂಪ್ ತರಬಹುದಾ?

ಉತ್ತರ: ತರಬಹುದು. ಗಾಡಿ ಕೆಳಗೆ ಮಲಗುವುದು ತಪ್ಪುತ್ತದೆ, ನೆಲವೂ ಸ್ವಚ್ಛ. ಆದರೆ ಎಲ್ಲ ಇಂಜಿನ್‌ಗಳಲ್ಲೂ ಅದರ ಪೈಪು ತಳ ಮುಟ್ಟುವುದಿಲ್ಲ. ತಳದ ಗಸಿ ಒಳಗೇ ಉಳಿಯಬಹುದು. ಹಳೇ ಡೀಸೆಲ್‌ಗೆ ನಾನು ಪ್ಲಗ್ ಬಿಚ್ಚಿ ಎಂದೇ ಹೇಳುತ್ತೇನೆ. ಪಂಪ್ ಬಂದರೂ ಫಿಲ್ಟರಿನ ಕೆಲಸ ಇದ್ದೇ ಇದೆ, ಅಡಿಕೆ ಹಾಳೆ ಎಸೆಯಬೇಡಿ.