ಬಣ್ಣ ಎರಡು, ಹಕ್ಕಿ ಒಂದೇ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಎರಡು ಚಿತ್ರ ನೋಡಿ ಬರೆದಿದ್ದೀರಿ. ‘ಒಂದು ಹಕ್ಕಿ ಅಚ್ಚ ಬಿಳಿ, ಇನ್ನೊಂದು ಕಂದು. ಎರಡರ ಕೆಳಗೂ ಬಿಳಿಬಾಲದ ಟಾರ್ಮಿಗನ್ ಅಂತಲೇ ಇದೆ. ಅಚ್ಚಿನ ತಪ್ಪಾ? ಅಥವಾ ಹಿಮ ತಾಗಿ ಬಣ್ಣ ಬದಲಾಗುತ್ತದಾ?’ ಎಂದು ಕೇಳಿದ್ದೀರಿ.

ತಪ್ಪಲ್ಲ. ಒಂದು ಚಳಿಗಾಲದ್ದು, ಇನ್ನೊಂದು ಬೇಸಿಗೆಯದ್ದು. ಬಾಲ ನೋಡಿ: ಅಂಚಿನ ಪುಕ್ಕ ಎರಡರಲ್ಲೂ ಬಿಳಿ. ಇದರ ಹತ್ತಿರದ ನೆಂಟರಿಗೆ ಅಲ್ಲಿ ಕಪ್ಪು ಪುಕ್ಕ ಇರುತ್ತದೆ.

ಉತ್ತರ ಅಮೆರಿಕದ ಗ್ರೌಸ್ ಎಂಬ ಕೋಳಿ ಬಗೆಯ ಹಕ್ಕಿಗಳಲ್ಲೆಲ್ಲ ಇದೇ ಚಿಕ್ಕದು. ತೂಕ ಅರ್ಧ ಕಿಲೋ ಕೂಡ ಇಲ್ಲ. ಅಲಾಸ್ಕದಿಂದ ನ್ಯೂ ಮೆಕ್ಸಿಕೋವರೆಗೆ, ಮರ ಬೆಳೆಯದಷ್ಟು ಎತ್ತರದ ಬೆಟ್ಟಗಳಲ್ಲಿ ಇರುತ್ತದೆ. ಚಳಿ ಬಂತೆಂದು ದೂರದ ಬಿಸಿಲಿನ ನಾಡಿಗೆ ಹಾರುವುದಿಲ್ಲ. ಕಾಲ್ಬೆರಳವರೆಗೂ ಗರಿ. ಹಿಮದೊಳಗೆ ಗುಳಿ ತೋಡಿ ಮಲಗುತ್ತದೆ, ವಿಲ್ಲೋ ಗಿಡದ ಮೊಗ್ಗು ತಿಂದು ಚಳಿಗಾಲ ಕಳೆಯುತ್ತದೆ.

ಇನ್ನು ಬಣ್ಣ. ಹಿಮಕ್ಕೂ ಗರಿಗೂ ನೇರ ಸಂಬಂಧವಿಲ್ಲ. ಬೆಳೆದ ಗರಿ ಬಣ್ಣ ಬದಲಿಸುವುದಿಲ್ಲ. ಅದು ಉದುರಿ ಬೇರೆ ಬಣ್ಣದ್ದು ಹುಟ್ಟುತ್ತದೆ. ಯಾವಾಗ ಎಂಬುದನ್ನು ಮುಖ್ಯವಾಗಿ ಹೇಳುವುದು ಹಗಲಿನ ಉದ್ದ. ಹಗಲು ಕುಗ್ಗುತ್ತಾ ಬಂದಂತೆ ಬಿಳಿ ಗರಿ, ಹಿಗ್ಗುತ್ತಾ ಬಂದಂತೆ ಕಂದು ಗರಿ. ನನಗಂತೂ ಅಚ್ಚ ಬಿಳಿಗಿಂತ ನಡುವಿನ ದಿನಗಳ ಹಕ್ಕಿಯೇ ಜಾಸ್ತಿ ಇಷ್ಟ. ಮೈಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಸುತ್ತ ಕರಗುತ್ತಿರುವ ಹಿಮದ ತುಣುಕು, ನಡುವೆ ಕಲ್ಲು. ಕಣ್ಣೆದುರೇ ಕೂತಿದ್ದರೂ ಕಾಣುವುದಿಲ್ಲ!

ಇದರ ನೆಂಟ ಬಂಡೆ ಟಾರ್ಮಿಗನ್ನಿನ ಕಥೆ ಇನ್ನೂ ಸೊಗಸು. ವಸಂತದಲ್ಲಿ ಹೆಣ್ಣು ಬೇಗ ಕಂದಾಗುತ್ತದೆ, ಮೊಟ್ಟೆಗೆ ಕೂರಬೇಕಲ್ವಾ. ಗಂಡು ಮಾತ್ರ ಹಿಮ ಕರಗಿದ ಮೇಲೂ ಬೆಳ್ಳಗೇ ಇರುತ್ತದೆ, ದೂರದಿಂದಲೇ ಎದ್ದು ಕಾಣುತ್ತದೆ. ಬೇಟೆಯಾಡುವ ಹಕ್ಕಿಗೂ ಕಾಣುತ್ತದೆ! ಅದೊಂದು ದೊಡ್ಡ ಧೈರ್ಯ. ಜೋಡಿಯ ಹೆಣ್ಣು ಮೊಟ್ಟೆ ಇಡುವ ಹೊತ್ತಿಗೆ ಗಂಡು ಮಣ್ಣು ಮೆತ್ತಿಕೊಂಡು ಕೊಳಕಾಗುತ್ತದೆ. ಹೊಸ ಗರಿ ಬರುವ ತನಕ ಆ ಕೊಳೆಯೇ ಅದರ ಮರೆ. ಕೆನಡಾದ ಉತ್ತರ ಭಾಗದಲ್ಲಿ ಇದನ್ನು ಗಮನಿಸಿದ ವಿಜ್ಞಾನಿಗಳು 2001ರಲ್ಲಿ ಬರೆದಿದ್ದಾರೆ.

ಹಗಲಿನ ಲೆಕ್ಕ ಬದಲಾಗದು, ಹಿಮದ ಲೆಕ್ಕ ಬದಲಾಗುತ್ತಿದೆ. ಹಿಮ ತಡವಾದರೆ ಬಿಳಿ ಹಕ್ಕಿ ಕಂದು ನೆಲದಲ್ಲಿ ನಿಲ್ಲಬೇಕು. ಬೆಟ್ಟ ಬಿಸಿಯಾದಂತೆ ಮರಗಳೂ ಮೇಲೇರಿ ಅದರ ಜಾಗ ತಿನ್ನುತ್ತವೆ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಬೆಟ್ಟದ ಹೆಸರು ಹೊತ್ತ ಬಿಳಿಬಾಲದ ಉಪಜಾತಿಯನ್ನು ಅಮೆರಿಕ 2024ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಹಕ್ಕಿಯ ಬಗ್ಗೆಯೇ ಒಂದು ಲೇಖನ ಬರೆಸುತ್ತಿದ್ದೇವೆ.

– ಸಂಪಾದಕ