ಎಂ-ಸ್ಪೋರ್ಟ್ ತಂಡ ಫೋರ್ಡ್ ಬಿಟ್ಟು ಯಾವ ಕಂಪನಿ ಜೊತೆ ಹೋಗುತ್ತೆ? ಅದರ ಕಾರನ್ನೇ ಈಗ ತಗೊಂಡು ರ‍್ಯಾಲಿಗೆ ತಯಾರು ಮಾಡಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನಕ್ಕಿದ್ದು 2009ರ ನನ್ನನ್ನು ನೆನೆದು. ಎಂ-ಸ್ಪೋರ್ಟ್ ಅಂದರೆ ವಿಶ್ವ ರ‍್ಯಾಲಿಯಲ್ಲಿ ಫೋರ್ಡ್ ಕಾರು ಕಟ್ಟಿ ಓಡಿಸುವ ಇಂಗ್ಲೆಂಡಿನ ತಂಡ. ಹೊಸ ನಿಯಮದ 2027ಕ್ಕೆ ಅದು ಯಾರ ಕೈ ಹಿಡಿಯುತ್ತೆ ಅಂತ ಮೊದಲೇ ಊಹಿಸಿಬಿಟ್ಟರೆ, ಆ ಕಂಪನಿಯ ಕಾರನ್ನು ಈಗಲೇ ಕೊಂಡು ಹಾಸನದಲ್ಲಿ ಕಟ್ಟಿಸಬಹುದು, ಮುಂದೆ ಸಾಮಾನು ಸಲೀಸಾಗಿ ಸಿಗುತ್ತೆ ಅನ್ನೋದು ನಿಮ್ಮ ಲೆಕ್ಕ. ನಾನೂ ಇದೇ ಲೆಕ್ಕ ಹಾಕಿದವನು. ಅದರ ಉತ್ತರ ಇವತ್ತಿಗೂ ನಮ್ಮ ತೋಟದ ಗೋಡೌನಿನಲ್ಲಿ ನಿಂತಿದೆ. ಅದರೊಳಗೆ ಕೋಳಿ ಮೊಟ್ಟೆ ಇಡುತ್ತೆ.

2008ರ ಡಿಸೆಂಬರ್. ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದು ಎಲ್ಲ ಕಂಪನಿಗಳೂ ಕೈ ಬಿಗಿ ಹಿಡಿದಿದ್ದ ಕಾಲ. ಮೊದಲು ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು. ಹತ್ತು ದಿನದಲ್ಲಿ ಸುಜುಕಿ ವಿಶ್ವ ರ‍್ಯಾಲಿ ಬಿಟ್ಟಿತು. ಮರುದಿನವೇ ಸುಬಾರು. ನಮ್ಮ ಹುಡುಗರಿಗೆ ಸುಬಾರು ಅಂದರೆ ಸಾಮಾನ್ಯ ಕಂಪನಿ ಅಲ್ಲ. ಆ ನೀಲಿ ಬಣ್ಣದ ಇಂಪ್ರೆಜಾ ಪೋಸ್ಟರ್ ನನ್ನ ಹಾಸಿಗೆ ಪಕ್ಕ ಅಂಟಿಸಿಕೊಂಡಿದ್ದೆ. ಆ ಕಾರುಗಳನ್ನು ಕಟ್ಟುತ್ತಿದ್ದದ್ದು ಇಂಗ್ಲೆಂಡಿನ ಬ್ಯಾನ್ಬರಿಯ ಪ್ರೊಡ್ರೈವ್. 1990ರಿಂದ ಇಬ್ಬರೂ ಜೊತೆಗಿದ್ದರು. ಮೆಕ್ರೇ 1995ರಲ್ಲಿ, ಬರ್ನ್ಸ್ 2001ರಲ್ಲಿ, ಸೋಲ್ಬರ್ಗ್ 2003ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಈ ಕಾರುಗಳಲ್ಲೇ. ಒಂದು ಪ್ರಕಟಣೆ ಬಂತು, ಹದಿನೆಂಟು ಹತ್ತೊಂಬತ್ತು ವರ್ಷದ ಸಂಸಾರ ಮುಗಿಯಿತು.

ಅವತ್ತಿಂದ ನನಗೆ ಒಂದೇ ಹುಚ್ಚು. ಪ್ರೊಡ್ರೈವ್ ಮುಂದೆ ಯಾರ ಜೊತೆ? ದಿನಾ ರಾತ್ರಿ ಕೂತು ಓದುತ್ತಿದ್ದೆ. ಒಂದೊಂದು ಕಡೆ ಒಂದೊಂದು ಹೆಸರು. ನಾನೂ ನನ್ನ ಪಾಲಿಗೆ ಒಂದೆರಡು ಹೆಸರು ಹುಟ್ಟುಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಇದು ಅಷ್ಟಕ್ಕೇ ನಿಂತಿದ್ದರೆ ಸುಮ್ನೆ ಟೈಂಪಾಸ್ ಆಗುತ್ತಿತ್ತು. ಆದರೆ ಅದೇ ಚಳಿಗಾಲದಲ್ಲಿ ನಮ್ಮ ಕಡೆಯೂ ಒಂದು ಗಾಳಿಸುದ್ದಿ ಎದ್ದಿತು. ಇಲ್ಲಿಯ ಒಂದು ದೊಡ್ಡ ತಂಡ ಹಳೇ ಕಾರು ಬಿಟ್ಟು ಇನ್ನೊಂದು ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುತ್ತೆ, ಆ ಕಂಪನಿ ತನ್ನ ಸಣ್ಣ ಕಾರನ್ನು ರಾಷ್ಟ್ರೀಯ ರ‍್ಯಾಲಿಗೆ ಇಳಿಸುತ್ತೆ ಅಂತ. ತಂಡದ ಹೆಸರು, ಕಂಪನಿ ಹೆಸರು ಎರಡೂ ಬೇಡ ಬಿಡಿ. ಅವರು ನನಗೆ ಏನೂ ಮಾತು ಕೊಟ್ಟಿರಲಿಲ್ಲ.

ನನ್ನ ಹತ್ತಿರ "ಸಾಕ್ಷಿ" ಮೂರಿದ್ದವು. ಚಿಕ್ಕಮಗಳೂರಿನ ಒಂದು ರ‍್ಯಾಲಿಯ ಸರ್ವಿಸ್ ಪಾರ್ಕಿನಲ್ಲಿ, ಅಂದರೆ ತಂಡಗಳು ಕಾರು ರಿಪೇರಿ ಮಾಡುವ ಜಾಗದಲ್ಲಿ, ಆ ಕಂಪನಿಯ ಇಂಜಿನಿಯರ್ ಒಬ್ಬರು ಅರ್ಧ ದಿನ ನಿಂತಿದ್ದರು. ತಂಡದ ಲಾರಿಗೆ ಹಳೇ ಬಣ್ಣ ಹೋಗಿ ಪೂರ್ತಿ ಬಿಳಿ ಬಣ್ಣ ಬಂದಿತ್ತು. ಮತ್ತೆ, ತಂಡದ ಮ್ಯಾನೇಜರನ್ನು ನೇರವಾಗಿ ಕೇಳಿದಾಗ ಅವರು "ಇಲ್ಲ" ಅನ್ನಲಿಲ್ಲ, ನಕ್ಕರು. ಇಷ್ಟು ಸಾಕಲ್ವಾ?

ಆಮೇಲೆ ಗೊತ್ತಾಯಿತು. ಆ ಇಂಜಿನಿಯರ್ ಹೆಂಡತಿ ಊರು ಮೂಡಿಗೆರೆ. ಮಾವನ ಮನೆಗೆ ಬಂದವರು ರ‍್ಯಾಲಿ ನೋಡಲು ನಿಂತಿದ್ದರು. ಲಾರಿಗೆ ಬಿಳಿ ಬಣ್ಣ ಹೊಡೆದಿದ್ದು ಅದನ್ನು ಮಾರೋದಕ್ಕೆ. ಮ್ಯಾನೇಜರ್ ಯಾಕೆ ನಕ್ಕರು ಅಂತ ಈಗ ನನಗೂ ಅರ್ಥವಾಗುತ್ತೆ.

ಆದರೆ ಅಷ್ಟು ಹೊತ್ತಿಗೆ ನಾನು ಕಾರು ಕೊಂಡಾಗಿತ್ತು. ಆ ವರ್ಷ ಮೆಣಸಿನಿಂದ ಬಂದ ದುಡ್ಡನ್ನು ಅಪ್ಪನ ಕೈಕಾಲು ಹಿಡಿದು ಇಸ್ಕೊಂಡಿದ್ದೆ. ಸ್ನೇಹಿತ ಡ್ರೈವರ್, ನಾನು ಪಕ್ಕ ಕೂತು ದಾರಿ ಹೇಳುವ ಕೋ-ಡ್ರೈವರ್. ಅವನ ಪಾಲು, ನನ್ನ ಪಾಲು ಸೇರಿ ಏಳು ಲಕ್ಷ ಹತ್ತಿರ ಹೋಯಿತು. ಕಾರು ಕೊಂಡಿದ್ದು ತಪ್ಪು ಅಂತ ನಾನು ಈಗಲೂ ಹೇಳಲ್ಲ. ಕಾರನ್ನು ಮಾರಬಹುದು. ಹತ್ತಿಪ್ಪತ್ತು ಸಾವಿರ ಕಳ್ಕೊಂಡು ಕೈ ತೊಳ್ಕೋಬಹುದು. ತಪ್ಪು ಕೇಜಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ರ‍್ಯಾಲಿ ಕಾರಿನೊಳಗೆ ಕೊಳವೆಗಳ ಪಂಜರ ಇರುತ್ತಲ್ಲ, ರೋಲ್ ಕೇಜ್, ಅದನ್ನು ಕೂರಿಸೋದು ಎರಡು ರೀತಿ. ಬೋಲ್ಟ್ ಹಾಕಿ ಕೂರಿಸಬಹುದು, ಬೇಡ ಅಂದಾಗ ಬಿಚ್ಚಬಹುದು. ಇಲ್ಲಾ ಕಾರಿನ ಮೈಗೇ ವೆಲ್ಡ್ ಮಾಡಬಹುದು. ವೆಲ್ಡ್ ಮಾಡಿದರೆ ಬಾಡಿ ಗಟ್ಟಿಯಾಗುತ್ತೆ, ಹಳ್ಳದಲ್ಲಿ ಬಿದ್ದೆದ್ದಾಗ ಮೈ ತಿರುಚಲ್ಲ, ಕಾರು ಹೇಳಿದ ಮಾತು ಕೇಳುತ್ತೆ. ಕಾಫಿ ತೋಟದ ಒಳದಾರಿಗಳಲ್ಲಿ ಇದು ದೊಡ್ಡ ಲಾಭ. ಹಾಗಂತ ನಾನು ಓದಿದ್ದೆ.

ವೆಲ್ಡ್ ಮಾಡಬೇಕಾದರೆ ಕಾರನ್ನು ಪೂರ್ತಿ ಬೆತ್ತಲೆ ಮಾಡಬೇಕು. ಸೀಟು, ಕಾರ್ಪೆಟ್, ಚಾವಣಿ ಬಟ್ಟೆ, ವೈರಿಂಗ್ ಎಲ್ಲ ಹೊರಗೆ. ನೆಲಕ್ಕೆ ಅಂಟಿಸಿರುವ ಡಾಂಬರಿನಂಥ ಹಾಳೆಯನ್ನು ಉಳಿ ಹಿಡಿದು ಕೆರೆಯಬೇಕು. ನಾನೇ ನಾಲ್ಕು ದಿನ ಕೂತು ಕೆರೆದಿದ್ದೇನೆ, ಬೆರಳ ಚರ್ಮ ಕಿತ್ತು ಬಂದಿತ್ತು. ಆಮೇಲೆ ಡ್ಯಾಶ್‌ಬೋರ್ಡ್ ಕತ್ತರಿಸಬೇಕು, ಕೊಳವೆ ಹೋಗಬೇಕಲ್ಲ. ನೆಲಕ್ಕೆ ಕಬ್ಬಿಣದ ತಟ್ಟೆ ಬೆಸೆದು ಅದರ ಮೇಲೆ ಕಾಲು ನಿಲ್ಲಿಸಬೇಕು. ಬಾಗಿಲ ಅಡ್ಡಕ್ಕೆ ಎರಡು ಕೊಳವೆ. ಇಷ್ಟಾದ ಮೇಲೆ ಅದು ಮನೆ ಕಾರು ಆಗಿ ಉಳಿಯಲ್ಲ. ಹಿಂದೆ ಯಾರೂ ಕೂರೋಕಾಗಲ್ಲ. ಹೆಲ್ಮೆಟ್ ಇಲ್ಲದೆ ಕೂತರೆ ತಲೆ ಕೊಳವೆಗೆ ಬಡಿಯುತ್ತೆ. ಸೆಕೆಂಡ್‌ಹ್ಯಾಂಡ್ ವ್ಯಾಪಾರದವನು ಕಿಟಕಿಯಲ್ಲಿ ಇಣುಕಿ ನೋಡಿ ಹಾಗೇ ಹೊರಟು ಹೋಗುತ್ತಾನೆ. ಮೂರು ಜನ ಹಾಗೇ ಹೋದರು.

ನಮ್ಮ ಮೇಸ್ತ್ರಿ ಹೇಳಿದ್ದರು. "ಗೌಡ್ರೆ, ಕಾಗದ ಬರ್ಲಿ. ಬೋಲ್ಟ್ ಆದ್ರೆ ಬಿಚ್ಬಹುದು, ಬೆಸುಗೆ ಬಿಚ್ಚಕ್ಕಾಗಲ್ಲ." ನಾನು ಕೇಳಲಿಲ್ಲ. ಸೀಸನ್ ಶುರುವಾಗುವ ಮೊದಲೇ ರೆಡಿ ಇರಬೇಕು ಅನ್ನೋ ಆತುರ. ದೊಡ್ಡ ತಂಡ ಕಾರು ಇಳಿಸುವ ದಿನ ಅದೇ ಮಾಡೆಲ್‌ನಲ್ಲಿ ನಾವೂ ಪಕ್ಕದಲ್ಲಿ ನಿಂತಿರಬೇಕು ಅನ್ನೋ ಜಂಬ.

ಮೇಸ್ತ್ರಿ "ಕಾಗದ" ಅಂದಿದ್ದು ಹೊಮೊಲೊಗೇಷನ್ ಪತ್ರ. ಒಂದು ಮಾಡೆಲ್ ಸ್ಪರ್ಧೆಗೆ ಇಳಿಯಬೇಕಾದರೆ ಅದರ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ತೂಕ ಎಲ್ಲವೂ ಆ ಪತ್ರದಲ್ಲಿ ದಾಖಲಾಗಿರಬೇಕು. ಸ್ಪರ್ಧೆಗೆ ಮೊದಲು ಕಾರು ಪರೀಕ್ಷಿಸುವ ಸ್ಕ್ರುಟಿನಿಯಲ್ಲಿ ಅದನ್ನು ಹಿಡಿದು ಕಾರು ಜೊತೆ ತಾಳೆ ನೋಡುತ್ತಾರೆ. ಈ ಪತ್ರಕ್ಕೆ ಓಡಾಡಬೇಕಾದವರು ಕಾರು ಮಾಡುವ ಕಂಪನಿಯವರು. ನಾನು, ನೀವು ಓಡಾಡಿದರೆ ನಡೆಯಲ್ಲ. ಒಪ್ಪಂದ ಆಗಲಿಲ್ಲ, ಹಾಗಾಗಿ ಕಂಪನಿ ಓಡಾಡಲಿಲ್ಲ, ಹಾಗಾಗಿ ಪತ್ರ ಬರಲಿಲ್ಲ. ನಾವು ಅಂದುಕೊಂಡಿದ್ದ ವರ್ಗದಲ್ಲಿ ಆ ಕಾರು ಒಂದು ಸ್ಟೇಜ್, ಅಂದರೆ ರ‍್ಯಾಲಿಯ ಒಂದು ತುಂಡು ದಾರಿ ಕೂಡ ಓಡಲಿಲ್ಲ. ಕಂಪನಿಯ ಪ್ರಚಾರದ ದುಡ್ಡೆಲ್ಲ ಕ್ರಿಕೆಟ್‌ಗೆ ಹೋಯಿತು ಅಂತ ಆಮೇಲೆ ಯಾರೋ ಹೇಳಿದರು. ಅದೂ ಗಾಳಿಸುದ್ದಿಯೇ ಇರಬಹುದು, ಈಗ ನಾನು ನಂಬೋದು ಕಡಿಮೆ.

ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. "ಯಾವ ಕಂಪನಿ?" ಅಂತ ಎಲ್ಲರನ್ನೂ ಕೇಳಿದೆ. "ಆ ಕಾಗದಕ್ಕೆ ಯಾರು ದುಡ್ಡು ಕಟ್ಟುತ್ತಿದ್ದಾರೆ?" ಅಂತ ಒಬ್ಬರನ್ನೂ ಕೇಳಲಿಲ್ಲ. ಕೇಳಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು.

ಪ್ರೊಡ್ರೈವ್ ಕಥೆ ಏನಾಯಿತು ಗೊತ್ತಾ? ಒಂದೂವರೆ ವರ್ಷ ಕಳೆದು, 2010ರ ಜುಲೈನಲ್ಲಿ ಉತ್ತರ ಬಂತು. ಮಿನಿ. ಅಂದರೆ ಬಿಎಂಡಬ್ಲ್ಯು ಮನೆ. 2011ರಲ್ಲಿ ಸಾರ್ಡೀನಿಯಾದಲ್ಲಿ ಕಾರು ಇಳಿಯಿತು. 2012ರ ಜನವರಿಯಲ್ಲಿ ಡಾನಿ ಸೋರ್ಡೊ ಅದೇ ಮಿನಿಯಲ್ಲಿ ಮಾಂಟೆ ಕಾರ್ಲೊದಲ್ಲಿ ಚಾಂಪಿಯನ್ ಲೋಬ್ ಹಿಂದೆ ಎರಡನೇ ಸ್ಥಾನ ತಂದ. ನಾನು ಮನೆಯಲ್ಲಿ ಕುಣಿದಾಡಿದೆ. ಕೆಲವೇ ವಾರಗಳಲ್ಲಿ ಬಿಎಂಡಬ್ಲ್ಯು ಪ್ರೊಡ್ರೈವ್‌ಗಿದ್ದ ಅಧಿಕೃತ ತಂಡದ ಸ್ಥಾನವನ್ನು ತೆಗೆದುಬಿಟ್ಟಿತು. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಕಳಿಸಿದ ಹಾಗೆ. ಊಹೆ ನಿಜವಾದರೂ ಸುಖ ಇಲ್ಲ ಅಂತ ಅವತ್ತು ಅನ್ನಿಸಿತು.

ಫೋಕ್ಸ್‌ವ್ಯಾಗನ್ನಂತೂ ಇನ್ನೂ ದೊಡ್ಡ ಪಾಠ. 2013ರಿಂದ 2016ರವರೆಗೆ ನಾಲ್ಕೂ ವರ್ಷ ವಿಶ್ವ ರ‍್ಯಾಲಿ ಪಟ್ಟ ಗೆದ್ದವರು. 2017ರ ಕಾರು ರೆಡಿಯಾಗಿ, ಪರೀಕ್ಷೆಗಳೂ ನಡೆದಿದ್ದವು. 2016ರ ನವೆಂಬರ್‌ನಲ್ಲಿ ಒಂದು ಪ್ರಕಟಣೆ, ಅಂಗಡಿ ಬಂದ್. ಡೀಸೆಲ್ ಹೊಗೆ ಹಗರಣದ ದಂಡ ಕಟ್ಟುತ್ತಿದ್ದ ಕಂಪನಿಗೆ ರ‍್ಯಾಲಿ ಯಾವ ಲೆಕ್ಕ? ಗೆಲ್ಲುತ್ತಿದ್ದವರನ್ನೇ ಹೀಗೆ ನಿಲ್ಲಿಸುತ್ತಾರೆ ಅಂದಮೇಲೆ, ಲಾರಿ ಬಣ್ಣ ನೋಡಿ ಭವಿಷ್ಯ ಹೇಳುವ ನಾವು ಯಾರು?

ಈಗ ನಿಮ್ಮ ಎಂ-ಸ್ಪೋರ್ಟ್‌ಗೆ ಬರೋಣ. ತಂಡ ಕೂತು ಕಂಪನಿ ಆರಿಸುತ್ತೆ ಅನ್ನೋ ಹಾಗೆ ಬರೆದಿದ್ದೀರಿ. ನಡೆಯೋದು ಉಲ್ಟಾ. ಕಂಪನಿಯ ಲೆಕ್ಕದವರು ಒಪ್ಪಬೇಕು, ಪ್ರಚಾರದವರು ಒಪ್ಪಬೇಕು, ಮಾರೋಕೆ ಒಂದು ಸಣ್ಣ ಕಾರು ಇರಬೇಕು. ಫೋರ್ಡ್‌ನ ಸಣ್ಣ ಕಾರು ಫಿಯೆಸ್ಟಾದ ತಯಾರಿಕೆ 2023ರ ಜುಲೈನಲ್ಲೇ ನಿಂತಿತು. ಫೋರ್ಡ್‌ನ ಗಮನ 2026ರಿಂದ ರೆಡ್ ಬುಲ್ ಜೊತೆ ಫಾರ್ಮುಲಾ ಒನ್ ಕಡೆ, ಜೊತೆಗೆ ಡಕಾರ್ ಮರುಭೂಮಿ ರ‍್ಯಾಲಿ ಕಡೆ. ಅದನ್ನು ನೋಡಿಯೇ ನಿಮಗೂ ಸಂಶಯ ಬಂದಿರಬೇಕು. ಸರಿ. ಆದರೆ ಡಕಾರ್‌ನ ಆ ರ‍್ಯಾಪ್ಟರ್ ಗಾಡಿಯ ಕೆಲಸದಲ್ಲೂ ಫೋರ್ಡ್ ಜೊತೆ ಇರುವುದು ಇದೇ ಎಂ-ಸ್ಪೋರ್ಟ್. ಇಬ್ಬರ ನಂಟು 1997ರಿಂದ ಇದೆ, ಒಂದೇ ದಾರದಲ್ಲಿ ಕಟ್ಟಿಲ್ಲ.

ಇನ್ನೊಂದು, ಎಲ್ಲರೂ ಮರೆಯುವ ಮಾತು. ಫೋರ್ಡ್ ಒಮ್ಮೆ ಬಿಟ್ಟು ಹೋಗಿತ್ತು, 2012ರ ಕೊನೆಗೆ. ಎಂ-ಸ್ಪೋರ್ಟ್ ಕಟ್ಟಿದ ಮಾಲ್ಕಮ್ ವಿಲ್ಸನ್ ಅಂಗಡಿ ಮುಚ್ಚಲಿಲ್ಲ. ಬೇರೆಯವರಿಗೆ ಫಿಯೆಸ್ಟಾ ರ‍್ಯಾಲಿ ಕಾರು ಕಟ್ಟಿ ಮಾರಿದರು, ಬೆಂಟ್ಲಿಗೆ ರೇಸ್ ಕಾರು ಮಾಡಿಕೊಟ್ಟರು. 2017ರಲ್ಲಿ, ಫೋಕ್ಸ್‌ವ್ಯಾಗನ್ ಬಿಟ್ಟು ಬೀದಿಗೆ ಬಿದ್ದ ಚಾಂಪಿಯನ್ ಚಾಲಕ ಓಜಿಯೆಯನ್ನು ಕರೆತಂದು, ಚಾಲಕರ ಪಟ್ಟ, ತಂಡಗಳ ಪಟ್ಟ ಎರಡನ್ನೂ ಗೆದ್ದರು. ಕಾರು ಕಂಪನಿಯ ಪೂರ್ತಿ ಬೆಂಬಲ ಇಲ್ಲದ ವರ್ಷವೇ ಅವರ ಒಳ್ಳೇ ವರ್ಷ! 2027ರ ನಿಯಮದಲ್ಲಿ ಕಾರಿನ ಬೆಲೆಗೆ 3,45,000 ಯೂರೋ ಮಿತಿ ಹಾಕಿದ್ದಾರೆ, ಕಾರು ಕಂಪನಿ ಅಲ್ಲದವರೂ ಕಾರು ಕಟ್ಟಿ ಇಳಿಸಬಹುದು. ಹಾಗಾಗಿ "ಮುಂದೆ ಯಾವ ಕಂಪನಿ" ಅನ್ನೋ ಪ್ರಶ್ನೆಗೆ "ಯಾವುದೂ ಇಲ್ಲ" ಅನ್ನೋದೂ ಒಂದು ಉತ್ತರ. ನನ್ನನ್ನು ಒತ್ತಾಯ ಮಾಡಿ ಕೇಳಿದರೆ, ಯಾವುದೋ ರೂಪದಲ್ಲಿ ಫೋರ್ಡ್ ಜೊತೆಗೇ ಇರುತ್ತಾರೆ ಅಂತೀನಿ. ಇದರ ಮೇಲೆ ನಾನು ಒಂದು ಟೀ ಪಂಥ ಕಟ್ಟಬಹುದು, ಅದಕ್ಕಿಂತ ಜಾಸ್ತಿ ಕಟ್ಟಲ್ಲ.

ಅಷ್ಟಕ್ಕೂ ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಯಾರು ಯಾರ ಕೈ ಕುಲುಕಿದರೆ ಹಾಸನದಲ್ಲಿ ನಿಮಗೆ ಡ್ರೈವ್‌ಶಾಫ್ಟ್ ಹೇಗೆ ಸಿಗುತ್ತೆ? ನಮ್ಮಲ್ಲಿ ರ‍್ಯಾಲಿ ನೋಡಲು ಹೋಗಿದ್ದರೆ ಗೊತ್ತಿರುತ್ತೆ, ಎಲ್ಲಿ ನೋಡಿದರೂ ಪೊಲೊ. ಫೋಕ್ಸ್‌ವ್ಯಾಗನ್ ವಿಶ್ವ ರ‍್ಯಾಲಿ ಬಿಟ್ಟಿದ್ದು 2016ರಲ್ಲಿ, ಭಾರತದಲ್ಲಿ ಪೊಲೊ ಮಾಡೋದು ನಿಲ್ಲಿಸಿದ್ದು 2022ರಲ್ಲಿ. ಕಾರುಗಳು ಮಾತ್ರ ಓಡುತ್ತಲೇ ಇವೆ. ಯಾಕೆ? ಕಾಗದ ಇದೆ, ಗುಜರಿಯಲ್ಲಿ ಸಾಮಾನಿದೆ, ನಮ್ಮ ಮೇಸ್ತ್ರಿಗಳಿಗೆ ಆ ಗೇರ್‌ಬಾಕ್ಸ್ ಕಣ್ಣು ಮುಚ್ಚಿಕೊಂಡು ಬಿಚ್ಚೋಕೆ ಬರುತ್ತೆ. ರಾತ್ರಿ ಹತ್ತು ಗಂಟೆಗೆ ಸರ್ವಿಸ್ ಪಾರ್ಕಿನಲ್ಲಿ ನಿಮ್ಮ ಸಸ್ಪೆನ್ಷನ್ ತೋಳು ಮುರಿದಾಗ ಪಕ್ಕದ ಡೇರೆಯವನ ಹತ್ತಿರ ಒಂದು ಹೆಚ್ಚುವರಿ ಇರುತ್ತೆ. ಅದು ನಿಮಗೆ ಬೇಕಾದ ಕಂಪನಿ ಬೆಂಬಲ.

ಹಾಗಾಗಿ ಹೊಸ ಕಾರಿನ ಯೋಚನೆ ಬಿಡಿ. ಈಗಾಗಲೇ ಓಡಿದ, ಕಾಗದ ಸರಿಯಿರುವ, ಬೇರೆಯವರು ಕೇಜ್ ಹಾಕಿಸಿ ದುಡ್ಡು ಕಳೆದುಕೊಂಡ ಹಳೇ ಕಾರು ಹುಡುಕಿ. ರ‍್ಯಾಲಿ ಬಿಡುವವರು ಪ್ರತಿ ಸೀಸನ್ ಕೊನೆಗೆ ಸಿಗುತ್ತಾರೆ. ಮೊದಲ ವರ್ಷ ಯಾರದಾದರೂ ಡೇರೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತರೆ ಇನ್ನೂ ಒಳ್ಳೇದು, ಇದು ನಿಮಗೆ ಇಷ್ಟವಾಗಲ್ಲ ಅಂತ ಗೊತ್ತು, ನನಗೂ ಆಗಿರಲಿಲ್ಲ.

ಹಾಸನದಿಂದ ಈ ಕಡೆ ಬಂದಾಗ ನಮ್ಮ ತೋಟಕ್ಕೆ ಬನ್ನಿ. ಆ ಕಾರಿನ ಎರಡು ಬಕೆಟ್ ಸೀಟು ಹಾಗೇ ಇವೆ. ಅವಧಿ ಮುಗಿದು ವರ್ಷಗಳಾದವು, ಸ್ಕ್ರುಟಿನಿಯಲ್ಲಿ ಒಪ್ಪಲ್ಲ. ಮನೆಯಲ್ಲಿ ರ‍್ಯಾಲಿ ಗೇಮ್ ಆಡೋಕೆ ಬೇಕಾದರೆ ಒಂದು ತಗೊಂಡು ಹೋಗಿ. ಇನ್ನೊಂದರ ಮೇಲೆ ಈಗ ಕೋಳಿ ಕಾವಿಗೆ ಕೂತಿದೆ.