ಟಾರ್ಬರ್ನೈಟ್‌ನಲ್ಲಿ ಯುರೇನಿಯಂ ಇದ್ದರೂ ಅದನ್ನು ಫಾಸ್ಫೇಟ್ ಖನಿಜ ಅನ್ನುವುದೇಕೆ?

ಖನಿಜದ ವರ್ಗ ತೀರ್ಮಾನವಾಗುವುದು ಸಾಮಾನ್ಯವಾಗಿ ಲೋಹದಿಂದಲ್ಲ, ಅದರ ಜೊತೆಗಿರುವ ಆನಯಾನ್‌ನಿಂದ, ಅಂದರೆ ಋಣ ವಿದ್ಯುದಂಶದ ಗುಂಪಿನಿಂದ. ಇಲ್ಲಿ ಆ ಗುಂಪು ಫಾಸ್ಫೇಟ್, ಅಂದರೆ ರಂಜಕ ಮತ್ತು ಆಕ್ಸಿಜನ್ ಸೇರಿದ್ದು.

ಯುರೇನಿಯಂ, ಆಕ್ಸಿಜನ್ ಮತ್ತು ಫಾಸ್ಫೇಟ್ ಸೇರಿ ತೆಳು ಹಾಳೆಗಳಾಗುತ್ತವೆ. ಹಾಳೆಗಳ ನಡುವೆ ತಾಮ್ರ, ನೀರು. ಹಾಗಾಗಿ ಈ ಹಸಿರು ಹರಳು ಕಾಗೆಬಂಗಾರದಂತೆ ಪದರ ಪದರವಾಗಿ ಬಿಡುತ್ತದೆ. ಮೋಸ್ ಮಾಪನದಲ್ಲಿ ಗಡಸುತನ 2ರಿಂದ 2.5, ಬಲು ಮೆದು.

ತಾಮ್ರದ ಜಾಗದಲ್ಲಿ ಕ್ಯಾಲ್ಸಿಯಂ ಬಂದರೆ ಆಟುನೈಟ್. ಅದು ಯುವಿ ದೀಪದಡಿ ಜೋರಾಗಿ ಹೊಳೆಯುತ್ತದೆ. ಟಾರ್ಬರ್ನೈಟ್ ಹೊಳೆಯುವುದಿಲ್ಲ, ತಾಮ್ರ ಆ ಹೊಳಪನ್ನು ಅಡಗಿಸುತ್ತದೆ.

ನೀರು ಸಡಿಲವಾಗಿರುವುದರಿಂದ ಬೆಂಗಳೂರಿನ ಮಾರ್ಚ್‌ನಂಥ ಒಣ ಹವೆಯಲ್ಲಿ ಟಾರ್ಬರ್ನೈಟ್ ನೀರು ಕಳೆದುಕೊಂಡು ಮೆಟಾಟಾರ್ಬರ್ನೈಟ್ ಆಗಬಹುದು. ಚಂದ ಅಂತ ಸುಮ್ನೆ ಶೋಕೇಸಿನಲ್ಲಿ ಇಡಬೇಡಿ. ವಿಕಿರಣವಷ್ಟೇ ಅಲ್ಲ, ರೇಡಾನ್ ಎಂಬ ವಿಕಿರಣಶೀಲ ಅನಿಲವೂ ಹೊರಬರುತ್ತದೆ.